ಅರವತ್ತೊಂದು ದಿನದ ಸೊನ್ನೆ

ಪಂಪು ರಿಪೇರಿಯವನ ಮಗಳು ಪಂಪು ಮಾಡುವವಳಾದಳು ಅಂದರೆ ಅದರಲ್ಲೇನು ದೊಡ್ಡ ಕಥೆ, ಬಡಗಿಯ ಮಗಳು ಮಂಚ ಮಾಡಿದ ಹಾಗೆ, ಎಂದು ಯಾರಾದರೂ ಅಂದಾರು. ಆದರೆ ಅಪ್ಪನ ಪಂಪಿಗೂ ಮಗಳ ಪಂಪಿಗೂ ಏಳು ಸಮುದ್ರದ ಅಂತರ. ಅಪ್ಪನದು ನೆಲದ ನೀರನ್ನು ತಾರಸಿಯ ತೊಟ್ಟಿಗೆ ಏರಿಸುವ ಪಂಪು. ಅದಕ್ಕೆ ಗ್ರೀಸು ಮೆತ್ತಬೇಕು, ಬೈಯಬೇಕು, ಒಮ್ಮೊಮ್ಮೆ ಒದೆಯಲೂ ಬೇಕು. ಮಗಳದು ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಗಳಿಗೆ ಆಸಿಡ್ ಹರಿಸಿಕೊಡುವ ಪಂಪು. ಉಗುರಿನಷ್ಟು ಜಾಗದಲ್ಲಿ ಕೋಟಿಗಟ್ಟಲೆ ಗೆರೆ ಕೊರೆಯುವ ಆ ಕಾರ್ಖಾನೆಗಳಲ್ಲಿ, ಆಸಿಡ್ಡಿನ ಜೊತೆ ಒಂದು ಕಣ ಹೋಯಿತೋ, ಅದು ಕೂತ ಚಿಪ್ ಕಸದ ಬುಟ್ಟಿಗೆ. ಕಣವೆಂದರೆ ಬಿಸಿಲುಕೋಲಿನಲ್ಲಿ ಕಾಣುವ ಧೂಳೆಂದುಕೊಳ್ಳಬೇಡಿ. ಆ ಧೂಳಿನ ಮರಿಮಗನ ಮರಿಮಗ.

ಅದಕ್ಕೇ ಮಗಳ ಪಂಪಿನಲ್ಲಿ ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ಟೆಫ್ಲಾನಿನ ಬಟ್ಟಲಿನೊಳಗೆ ಟೆಫ್ಲಾನ್ ಹೊದ್ದ ಚಕ್ರವೊಂದು, ಅಯಸ್ಕಾಂತದ ಹಿಡಿತದಲ್ಲಿ, ತಳಕ್ಕೂ ತಾಗದೆ ಗೋಡೆಗೂ ತಾಗದೆ ತೇಲುತ್ತ ತಿರುಗುತ್ತದೆ. ಮುಟ್ಟಿದರೆ ಸವೆಯುತ್ತದೆ, ಸವೆದರೆ ಕಣ ಉದುರುತ್ತದೆ.

ಮೊದಲ ಸಲ ಇದನ್ನು ಕೇಳಿದಾಗ ಅಪ್ಪ ಸ್ಪಾನರ್ ಕೆಳಗಿಟ್ಟು ನಕ್ಕಿದ್ದ. "ಗ್ರೀಸಿಲ್ಲ, ಬೇರಿಂಗಿಲ್ಲ, ಸದ್ದೂ ಇಲ್ಲ. ಅದು ಪಂಪಲ್ಲ ಮಗಳೇ, ಸನ್ಯಾಸಿ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಮ್ಮಲ್ಲಿ ಕೈ ಕೆಸರಾಗೋ ಹಾಗೇ ಇಲ್ಲ, ಇನ್ನು ಮೊಸರೆಲ್ಲಿಂದ ಬಂತು?"

ಅಡುಗೆಮನೆಯಿಂದ ಅಮ್ಮ ತಿರುಗೇಟು ಕೊಟ್ಟಿದ್ದಳು. "ನಿಮ್ಮ ಕೈಕೆಸರಿಗೆ ಮೂವತ್ತು ವರ್ಷ ಸೋಪು ತಂದು ಸಾಕಾಯ್ತು. ಮೊಸರು ಮಾತ್ರ ಒಂದಿನಾನೂ ಕಾಣಲಿಲ್ಲ."

ಆ ಅಮ್ಮ ಈಗ ಇಲ್ಲ. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತ, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಕುಸಿದು ಕೂತಳು, ಏಳಲಿಲ್ಲ. ಐದನೆಯ ದಿನ ಮಗಳು ಕೆಲಸಕ್ಕೆ ಹಾಜರಾದಳು. ಅಳು ಬಂದಿರಲಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ತಡವಾದ ಬಸ್ಸಿಗೆ ಕಾದ ಹಾಗೆ ಕಾದಳು. ಆಮೇಲೆ ಕಾಯುವುದನ್ನೂ ಬಿಟ್ಟಳು. ಪರೀಕ್ಷಾ ಕೋಣೆಯೊಳಗೆ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟಿರಬೇಕು, ಹೊರಗೆ ಕಾಣುವುದು ಕಣ್ಣಷ್ಟೇ. ಮುಖ ಯಾಕೆ ಹಾಗಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅವಳಿಗೆ ಅದು ಹಿತವಾಗಿತ್ತು, ಹಿತವೆಂದರೆ, ಅಹಿತವಾಗಿರಲಿಲ್ಲ.

ಅವಳು ಬಂದ ದಿನವೇ ಹೊಸ ಪಂಪಿನ ಪರೀಕ್ಷೆ ಶುರುವಾಗಿತ್ತು. ಎಪ್ಪತ್ತು ದಿನ ಬಿಡದೆ ಶುದ್ಧ ನೀರು ಸುತ್ತಿಸಬೇಕು, ಪಂಪು ಎಷ್ಟು ಕಣ ಉದುರಿಸುತ್ತದೆಂದು ಯಂತ್ರವೊಂದು ಎಣಿಸುತ್ತಿರಬೇಕು. ಚಮಚೆಯಷ್ಟು ನೀರಿನಲ್ಲಿ ಐದು ಕಣದೊಳಗಿದ್ದರೆ ಪಾಸು. ಹನ್ನೆರಡು ಪಂಪುಗಳು ಪೆಟ್ಟಿಗೆಯಲ್ಲಿ ಕೂತು ಈ ಫಲಿತಾಂಶಕ್ಕೇ ಕಾದಿದ್ದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯೋಣವೆಂದರೆ ಆ ಕೋಣೆಯೊಳಕ್ಕೆ ಎಣ್ಣೆಯನ್ನೂ ಬಿಡುವುದಿಲ್ಲ.

ಯಂತ್ರ ಮಾತ್ರ ಮೊದಲ ದಿನದಿಂದಲೇ ಸೊನ್ನೆ ತೋರಿಸಿತು. ಎರಡನೆಯ ದಿನವೂ ಸೊನ್ನೆ. ಹಳೆಯ ಪಂಪುಗಳು ಎಷ್ಟೇ ಸಂಭಾವಿತವಾಗಿದ್ದರೂ ಎರಡೋ ಮೂರೋ ಉದುರಿಸುತ್ತಿದ್ದವು. ಇದು ಅಷ್ಟೂ ಇಲ್ಲ. ದಿನಾ ಬೆಳಿಗ್ಗೆ ಒಂಬತ್ತೂವರೆಗೆ ಮಗಳು ಪುಸ್ತಕದಲ್ಲಿ ಸೊನ್ನೆ ಬರೆದಳು. ಕೋಣೆಯವರು ಅವಳನ್ನು ಹೊಗಳಿದರು. ಹೊಗಳಿಕೆ ಪಕ್ಕದ ಮನೆಯ ರೇಡಿಯೋದ ಹಾಗೆ ಕೇಳಿಸಿತು.

ಅರವತ್ತೊಂದನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಹೋಗಿದ್ದು ಹನ್ನೊಂದೇ ಸೆಕೆಂಡು.

"ಬಿತ್ತು!" ಎಂದ ಒರೆಸಣ್ಣ. ಇಪ್ಪತ್ತಾರು ವರ್ಷದಿಂದ ಆ ಕೋಣೆಯ ಟೆಕ್ನಿಷಿಯನ್ ಅವನು. ಕೈಯಲ್ಲಿ ಸದಾ ಒಂದು ಬಿಳಿ ಬಟ್ಟೆ, ಕಂಡದ್ದನ್ನೆಲ್ಲ ಒರೆಸುವ ಚಾಳಿ. ಹಾಗಾಗಿ ಆ ಹೆಸರು. ಬಿದ್ದದ್ದು ಪಂಪಿನ ಚಕ್ರ. ಕರೆಂಟಿಲ್ಲದಿದ್ದರೆ ಅಯಸ್ಕಾಂತದ ಹಿಡಿತವಿಲ್ಲ. ತೇಲುತ್ತಿದ್ದ ಚಕ್ರ ತಿರುಗುತ್ತಲೇ ತಳಕ್ಕೆ ಕೂತು, ಉಜ್ಜಿಕೊಂಡು ನಿಲ್ಲುತ್ತದೆ. ಮತ್ತೆ ಏಳುವಾಗಲೂ ಒಂದು ಸಲ ಉಜ್ಜುತ್ತದೆ.

ಸುದ್ದಿ ಕೇಳಿ ವಿಭಾಗದ ಮುಖ್ಯಸ್ಥೆ ಬಿಳಿ ಉಡುಪಿನ ಜಿಪ್ಪೆಳೆದುಕೊಳ್ಳುತ್ತ ಓಡಿ ಬಂದಳು. ಎಲ್ಲ ಮಾತಿಗೂ ತಾರೀಕು ಸೇರಿಸುವ ಅವಳಿಗೆ ಗಡಿಯಾರಮ್ಮ ಎಂದು ಅಡ್ಡಹೆಸರು. "ಇನ್ನೊಂಬತ್ತು ದಿನ ಇತ್ತಲ್ರೀ! ಈಗ ಬೀಳಬೇಕಿತ್ತಾ ಇದು?"

ಪಂಪು ಮತ್ತೆ ತಿರುಗಿತು. ಮೂವರೂ ಪರದೆ ನೋಡಿದರು. ಸೊನ್ನೆ. ಒಂದು ನಿಮಿಷ ಬಿಟ್ಟು ಮತ್ತೆ ಸೊನ್ನೆ. ಹತ್ತು ನಿಮಿಷವಾದರೂ ಸೊನ್ನೆಯೇ.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದ್ರೆ ಇದೇ ನೋಡಿ!" ಎಂದು ಗಡಿಯಾರಮ್ಮ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದಳು. ಚಪ್ಪಾಳೆ ದಿಂಬು ಬಡಿದ ಹಾಗೆ ಕೇಳಿತು. "ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ ತಂಗೀ," ಎಂದ ಒರೆಸಣ್ಣ, ಪರದೆಯ ಅಂಚನ್ನು ಒರೆಸುತ್ತ.

ಮಗಳು ಪರದೆಯನ್ನೇ ನೋಡುತ್ತಿದ್ದಳು. ಆ ಚಕ್ರ ಅವಳದೇ. ಅದರ ಒಂದೊಂದು ಎಸಳಿನ ಬಾಗನ್ನೂ ಅವಳೇ ಬರೆದಿದ್ದಳು. ಅಷ್ಟು ವೇಗದಲ್ಲಿ ಬಿದ್ದು ಉಜ್ಜಿದರೆ ನೂರಿನ್ನೂರು ಕಣವಾದರೂ ಉದುರಲೇಬೇಕೆಂದು ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಯಾರದೋ ಮನೆಯ ಲೆಕ್ಕ ತಪ್ಪಿದ್ದನ್ನು ಕಂಡ ಹಾಗೆ, "ಇದು ಹೀಗಿರಲಾರದು," ಎಂದುಕೊಂಡಳು, ಅಷ್ಟೇ.

ಸಂಜೆ ಅಪ್ಪನ ಅಡುಗೆ. ಅನ್ನಕ್ಕೂ ಪಲ್ಯಕ್ಕೂ ಉಪ್ಪು ಬಿದ್ದಿರಲಿಲ್ಲ. ಅರ್ಧ ಊಟ ಮುಗಿಯುವ ತನಕ ಇಬ್ಬರಿಗೂ ಅದು ತಿಳಿಯಲಿಲ್ಲ. ತಿಳಿದ ಮೇಲೆ ಅಪ್ಪ ಡಬ್ಬಿ ತರಲು ಏಳಲಿಲ್ಲ, ಅವಳೂ ಕೇಳಲಿಲ್ಲ. ಅಮ್ಮನ ಕನ್ನಡಕದ ಪೆಟ್ಟಿಗೆ ಫ್ರಿಜ್ಜಿನ ನೆತ್ತಿಯ ಮೇಲೆ ಇಟ್ಟಲ್ಲೇ ಇತ್ತು.

"ಅಪ್ಪಾ, ಓಡ್ತಿರೋ ಪಂಪು ಬಿದ್ದು ಎದ್ದರೂ ಒಂಚೂರೂ ಸದ್ದು ಮಾಡಲ್ಲ ಅಂದ್ರೆ ಏನರ್ಥ?"

"ನೀನು ಬೇರೆ ಎಲ್ಲೋ ಕಿವಿ ಇಟ್ಟಿದ್ದೀಯ ಅಂತ ಅರ್ಥ." ಅಪ್ಪ ತುತ್ತು ಕಲಸುತ್ತಲೇ ಹೇಳಿದ. ಪಂಪಿನ ಮೈಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗಾನಿಸಿ ರೋಗ ಹೇಳುವುದರಲ್ಲಿ ಅವನು ಹೆಸರಾದವನು. "ನಾನು ಒಂದ್ಸಲ ಅರ್ಧ ಗಂಟೆ ಕೇಳಿ, ಪಂಪು ಬಂಗಾರದ ಹಾಗಿದೆ ಅಂದೆ. ಮನೆಯಾಕೆ ಅಂದ್ಲು, ಅಣ್ಣಾ ನೀವು ಕೇಳ್ತಿರೋದು ಪಕ್ಕದ ಮನೆಯ ಪೈಪು, ನಮ್ಮ ಪಂಪು ಆಗ್ಲೇ ಸತ್ತು ಮಲಗಿದೆ ಅಂತ."

ಅವನು ನಗಲಿಲ್ಲ. ಈ ಕಥೆಗೆ ಎಲ್ಲಿ ನಗಬೇಕೆಂದು ತೋರಿಸುತ್ತಿದ್ದವಳು ಅಮ್ಮ.

ಮಲಗಿದಾಗ ಅವಳಿಗೆ ಅಜ್ಜಿ ಹೇಳುತ್ತಿದ್ದ ಒಂದು ಕಥೆ ನೆನಪಾಯಿತು. ರಾಜನಿಗೆ ಒಂದು ಕೊಳವಂತೆ. ಎಲೆ ಬಿದ್ದರೆ ಕಾವಲುಗಾರನ ತಲೆ ಹೋಗುವುದಂತೆ. ಕಾವಲುಗಾರ ಮರದ ಕಡೆ ನೋಡುವುದನ್ನೇ ಬಿಟ್ಟು, ದಿನಾ ಸಂಜೆ ಹೋಗಿ, "ಒಂದು ಎಲೆಯೂ ಕಾಣಲಿಲ್ಲ ಪ್ರಭೂ," ಎನ್ನುತ್ತಿದ್ದನಂತೆ. ಆಮೇಲೇನಾಯಿತು? ಅಮ್ಮನನ್ನು ಕೇಳಿದರೆ ಗೊತ್ತಿರುತ್ತದೆ ಎಂದುಕೊಂಡಳು, ಮತ್ತು ಹಾಗೆಂದುಕೊಂಡದ್ದಕ್ಕೂ ಅವಳಿಗೆ ಏನೂ ಆಗಲಿಲ್ಲ. ನಿದ್ದೆ ಬಂತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೋಣೆಗೆ ಹೋದಳು. ಎಣಿಸುವ ಯಂತ್ರದಿಂದ ಹೊರಟ ಸಣ್ಣ ಕೊಳವೆಯ ಮೇಲೆ ಬೆರಳಿಟ್ಟು, ಕುರುಡರು ಗೋಡೆ ಹಿಡಿದು ನಡೆಯುವಂತೆ ಅದರ ಜೊತೆಗೇ ಸಾಗಿದಳು. ಕೊಳವೆ ಮೇಜಿನ ಕೆಳಗಿಳಿದು, ಕಂಬ ಸುತ್ತಿ, ಫಿಲ್ಟರಿನ ಆಚೆಯ ಬಾಯಿಗೆ ಹೋಗಿ ಕೂತಿತ್ತು.

ಆಚೆಯ ಬಾಯಿಗೆ. ಸುತ್ತುವ ನೀರು ಪಂಪಿನಿಂದ ಹೊರಟು, ಫಿಲ್ಟರ್ ದಾಟಿ, ಮತ್ತೆ ಪಂಪಿಗೆ ಬರುತ್ತದೆ. ಪರೀಕ್ಷೆಗೆ ಮೊದಲು ಕೆಲವು ದಿನ ಆ ದಾರಿಯನ್ನೇ ತೊಳೆಯುತ್ತಾರೆ. ದಾರಿ ಶುದ್ಧವಾಯಿತೇ ಎಂದು ನೋಡಲು ಕೊಳವೆಯನ್ನು ಫಿಲ್ಟರಿನ ಆಚೆ ಸಿಕ್ಕಿಸುತ್ತಾರೆ. ತೊಳೆದು ಮುಗಿದ ಮೇಲೆ ಅದನ್ನು ಬಿಚ್ಚಿ, ಫಿಲ್ಟರಿಗೆ ಮೊದಲು, ಪಂಪಿನ ಬಾಯಿಗೆ ಸಿಕ್ಕಿಸಬೇಕು. ಆಗಲೇ ಪಂಪು ಉದುರಿಸಿದ್ದು ಕಾಣುವುದು. ಅದನ್ನು ಯಾರೂ ಸಿಕ್ಕಿಸಿರಲಿಲ್ಲ. ಅರವತ್ತೊಂದು ದಿನ ಯಂತ್ರ ಎಣಿಸಿದ್ದು ಸೋಸಿದ ನೀರನ್ನು. ಸೋಸಿದ ಮೇಲೆ ಎಂಥ ಪಂಪಾದರೂ ಸೊನ್ನೆಯೇ.

ಪುಸ್ತಕ ತೆರೆದಳು. ಮೊದಲ ದಿನದ ಪುಟ. 'ಕೊಳವೆ ಬದಲಾಯಿಸಿದೆ' ಎಂಬ ಸಾಲಿನ ಮುಂದೆ ಸರಿ ಗುರುತು, ಅವಳ ಸಹಿ. ಉಳಿದೆಲ್ಲ ಪುಟಗಳಿಗಿಂತ ಆ ಪುಟದ ಅಕ್ಷರ ದುಂಡಗಿತ್ತು. ಅದನ್ನು ಬರೆದ ನೆನಪು ಅವಳಿಗಿರಲಿಲ್ಲ. ಅವತ್ತು ಬಸ್ಸಿನಲ್ಲಿ ಬಂದದ್ದು, ಊಟ ಮಾಡಿದ್ದು, ಮನೆಗೆ ಹೋದದ್ದು, ಯಾವುದೂ ನೆನಪಿರಲಿಲ್ಲ. ಸಹಿಯ ಪಕ್ಕದಲ್ಲಿ ಎರಡನೆಯ ಸಹಿ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕೆಂಬುದು ಆ ಕೋಣೆಯ ಕಟ್ಟಳೆ. ಎರಡನೆಯದು ಒರೆಸಣ್ಣನದು.

ಅವನು ಬಂದಾಗ ಅವಳು ಕೊಳವೆಯ ತುದಿ ತೋರಿಸಿದಳು. ಅವನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಅಯ್ಯೋ ದೇವರೇ."

"ನೀವು ನೋಡಿರಲಿಲ್ವಾ ಅಣ್ಣಾ?"

"ಇಲ್ಲ." ಬಟ್ಟೆ ಮಡಿಸುತ್ತ ಹೇಳಿದ. "ಅಮ್ಮನ್ನ ಕಳಕೊಂಡು ನಾಲ್ಕು ದಿನಕ್ಕೆ ಬಂದಿದ್ದೆ ನೀನು. ಬೆನ್ನ ಹಿಂದೆ ಪೊಲೀಸನ ಹಾಗೆ ನಿಂತು, ಸರಿಯಾಗಿ ಸಿಕ್ಕಿಸಿದ್ಯಾ ತೋರಿಸು ಅನ್ನೋಕೆ ಮನಸ್ಸು ಬರಲಿಲ್ಲ. ಇವಳು ಎಲ್ಲಿ ತಪ್ಪು ಮಾಡ್ತಾಳೆ, ಬೆಣ್ಣೆಯಿಂದ ಕೂದಲು ತೆಗೆಯೋ ಕೈ ಅಂದ್ಕೊಂಡು ಗೀಚಿಬಿಟ್ಟೆ."

"ನಂಗೆ ನೆನಪೇ ಇಲ್ಲ. ಸಿಕ್ಕಿಸಿದ್ದೂ ನೆನಪಿಲ್ಲ, ಸಿಕ್ಕಿಸದೇ ಇದ್ದಿದ್ದೂ ನೆನಪಿಲ್ಲ."

"ಹೆಂಗಿರುತ್ತೆ ನೆನಪು? ನಿನ್ನ ಕಣ್ಣು ನೋಡಿದ್ದೆ ನಾನು. ಬಾಗಿಲು ತೆಗೆದಿಟ್ಟು ಮನೆಯವರೆಲ್ಲ ಹೊರಗೆ ಹೋದ ಹಾಗಿತ್ತು."

ಅವನು ಒರೆಸಲು ಶುರು ಮಾಡಿದ. ಒರೆಸಿದ್ದನ್ನೇ ಒರೆಸಿದ. ಮೂರು ವರ್ಷದ ಹಿಂದೆ ಒಂದು ವಾಲ್ವಿನ ವಿಷಯದಲ್ಲಿ ಅವನು ನೋಡದೆ ಸಹಿ ಹಾಕಿ ಸಿಕ್ಕಿಬಿದ್ದಿದ್ದ. ಎರಡನೆಯ ಸಲ ಅಂಥದ್ದಾದರೆ ಪರೀಕ್ಷಾ ಕೋಣೆಯ ಬಾಗಿಲು ಮುಚ್ಚಿತು. ಉಳಿದ ನೌಕರಿಯೆಲ್ಲ ಪೆಟ್ಟಿಗೆ ಕಟ್ಟುವ ಶೆಡ್ಡಿನಲ್ಲಿ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಅವನ ನಿವೃತ್ತಿಗೆ ಇನ್ನು ಹನ್ನೊಂದು ತಿಂಗಳಿತ್ತು.

"ಈಗ್ಲೇ ಬದಲಾಯಿಸಿಬಿಡಬಹುದು," ಎಂದ, ಅವಳ ಕಡೆ ನೋಡದೆ. "ಎರಡು ನಿಮಿಷದ ಕೆಲಸ. ಇನ್ನೊಂಬತ್ತು ದಿನ ನಿಜವಾದ ಲೆಕ್ಕ ಸಿಗುತ್ತೆ. ನಿನ್ನ ಪಂಪು ಒಳ್ಳೇದೇ ಇರುತ್ತೆ, ನಂಗೊತ್ತು. ಹರಿದಿದ್ದು ನೀರು ತಾನೇ, ಯಾರ ಮನೇನೂ ಮುಳುಗಿಲ್ಲ."

"ಒಳ್ಳೇದಿರದಿದ್ರೆ?"

"ತಂಗೀ, ಹೇಳೋದು ಬಿಡೋದು ನಿಂಗೆ ಬಿಟ್ಟಿದ್ದು. ನಾನಂತೂ ಬೇಡ ಅನ್ನಲ್ಲ, ಬೇಕು ಅಂತಾನೂ ಅನ್ನಲ್ಲ." ಆಮೇಲೆ ಮುಖಗವಸಿನೊಳಗೇ ಒಣ ನಗೆ ನಕ್ಕ. "ಹೊರಗೆ ಹಾಕಿದ್ರೆ ನಾನೇನು ಒರೆಸ್ಲಿ, ರಸ್ತೇನಾ?"

ಹೇಳಬೇಕೇ ಬೇಡವೇ ಎಂದು ತೂಗಿ ನೋಡಲು ಅವಳೊಳಗೆ ತಕ್ಕಡಿಯೇ ಇರಲಿಲ್ಲ. ಹೆದರಿಕೆ ಇದ್ದರೆ ಒಂದು ಕಡೆ ವಾಲುತ್ತಿತ್ತು, ನಾಚಿಕೆ ಇದ್ದರೆ ಇನ್ನೊಂದು ಕಡೆ. ಒರೆಸಣ್ಣ ಶೆಡ್ಡಿನಲ್ಲಿ ಪೆಟ್ಟಿಗೆಗೆ ಟೇಪು ಸುತ್ತುತ್ತ ಕೂತಿರುವುದನ್ನು ಕಲ್ಪಿಸಿಕೊಂಡಳು. ಎಲ್ಲೋ ಒಂದು ಕಾರ್ಖಾನೆಯಲ್ಲಿ ತನ್ನ ಪಂಪು ಕಣ ಉದುರಿಸುತ್ತ, ಚಿಪ್ಪುಗಳು ರಾಶಿ ರಾಶಿ ಹಾಳಾಗುವುದನ್ನು ಕಲ್ಪಿಸಿಕೊಂಡಳು. ಎರಡೂ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಚಿತ್ರದ ಹಾಗೆ ಕಂಡವು.

ಒಂಬತ್ತೂವರೆಯಾಯಿತು. ಅಭ್ಯಾಸದಂತೆ ಕೈ ಪೆನ್ನು ತೆಗೆದುಕೊಂಡಿತು. ಅರವತ್ತೆರಡನೆಯ ದಿನದ ಸಾಲು ಖಾಲಿಯಿತ್ತು. ಸೊನ್ನೆ ಬರೆಯಲು ಪೆನ್ನು ಕಾಗದಕ್ಕೆ ತಾಗಿಸಿದಳು. ನಿನ್ನೆಯವರೆಗೆ ಬರೆದದ್ದು ತಪ್ಪು. ಇವತ್ತು ಬರೆದರೆ ಅದು ಸುಳ್ಳು. ಪೆನ್ನು ತಾಗಿದಲ್ಲಿ ಶಾಯಿಯ ಚುಕ್ಕೆ ಸ್ವಲ್ಪ ಸ್ವಲ್ಪವೇ ದೊಡ್ಡದಾಯಿತು. ಕೈ ಮುಂದೆ ಹೋಗಲಿಲ್ಲ. ಎಷ್ಟೋ ದಿನಗಳ ಮೇಲೆ ಅವಳ ಮೈಯ ಒಂದು ಭಾಗ ತಾನಾಗಿ ಬೇಡವೆಂದಿತ್ತು. ಪೆನ್ನು ಮುಚ್ಚಿದಳು.

"ಅಣ್ಣಾ, ನಾನು ಹೋಗಿ ಹೇಳ್ತೀನಿ. ನಾನು ಸಿಕ್ಕಿಸಲಿಲ್ಲ ಅಂತ ಹೇಳ್ತೀನಿ. ನಿಮ್ಮ ಸಹಿ ಅಲ್ಲೇ ಇದೆ, ಅದನ್ನ ನಾನು ಬಚ್ಚಿಡೋಕಾಗಲ್ಲ."

ಅವನು ತಲೆಯಾಡಿಸಿದ. ಆಡಿಸಿದ್ದು ಹೂಂ ಎಂದೋ ಊಹೂಂ ಎಂದೋ ಆ ಬಿಳಿ ಟೊಪ್ಪಿಗೆಯಲ್ಲಿ ತಿಳಿಯಲಿಲ್ಲ.

ಗಡಿಯಾರಮ್ಮನ ಕೋಣೆಯಲ್ಲಿ ಅವಳು ನಿಂತೇ ಹೇಳಿದಳು. ಕೊಳವೆ, ಫಿಲ್ಟರು, ಸರಿ ಗುರುತು, ಅರವತ್ತೊಂದು ದಿನ. ಹವಾಮಾನ ವರದಿ ಓದಿದ ಹಾಗೆ ಹೇಳಿದಳು. ಗಡಿಯಾರಮ್ಮ ಬಾಯಿಗೆತ್ತಿದ್ದ ಟೀ ಲೋಟವನ್ನು ಕೆಳಗಿಟ್ಟಳು.

"ಮೊನ್ನೆ ಹದಿನಾಲ್ಕನೇ ತಾರೀಕು ತಾನೇ ಗಿರಾಕಿಗೆ ಫೋನ್ ಮಾಡಿ, ನಮ್ಮ ಪಂಪು ಸೊನ್ನೆ ಕಣ್ರೀ ಅಂದಿದ್ದೀನಿ! ಗೊತ್ತಾ ನಿಂಗೆ?"

"ಗೊತ್ತು."

"ಗೊತ್ತು ಅಂತೆ. ನಿಂತ್ಕೊಂಡಿರೋದು ನೋಡು, ಮರದ ಗೊಂಬೆ ಹಾಗೆ. ನಿಂಗೆ ಏನೂ ಅನ್ನಿಸ್ತಿಲ್ವಾ?"

"ಇಲ್ಲ ಮೇಡಂ."

ಅದು ಉಡಾಫೆಯೆಂದು ಗಡಿಯಾರಮ್ಮನಿಗೆ ಸಿಟ್ಟು ಬರಬೇಕಿತ್ತು. ಅವಳು ಮಗಳ ಮುಖವನ್ನು ನೋಡಿದಳು. ಬಿಳಿ ಉಡುಪಿಲ್ಲದೆ ಆ ಮುಖವನ್ನು ಎರಡು ತಿಂಗಳಿಂದ ಯಾರೂ ಸರಿಯಾಗಿ ನೋಡಿರಲಿಲ್ಲ. "ಹದಿನೈದು ದಿನ ರಜೆ ಹಾಕು ಅಂತ ನಾನೇ ಹೇಳಿರಲಿಲ್ವೇನೇ?"

"ಹೇಳಿದ್ರಿ."

"ಮತ್ಯಾಕೆ ಬಂದೆ?"

"ಮನೇಲಿ ಅಪ್ಪ ಒಂದು ಕುರ್ಚಿ, ನಾನೊಂದು ಕುರ್ಚಿ. ಇಲ್ಲಿ ಪಂಪಾದ್ರೂ ತಿರುಗ್ತಿರುತ್ತೆ ಅನ್ನಿಸ್ತು."

ಬಾಗಿಲು ತಟ್ಟಿದ ಸದ್ದಾಯಿತು. ಒರೆಸಣ್ಣ. ಬಿಳಿ ಉಡುಪು ಕಳಚಿ, ಕೆದರಿದ ಕೂದಲನ್ನು ಕೈಯಲ್ಲೇ ಒತ್ತಿಕೊಂಡು ಬಂದಿದ್ದ. "ಮೇಡಂ, ನಾನು ನೋಡದೆ ಸಹಿ ಹಾಕಿದ್ದು. ಹುಡುಗಿ ಹೇಳಿದ್ದಾಳೋ ಇಲ್ವೋ ಗೊತ್ತಿಲ್ಲ, ನಾನು ಹೇಳ್ತಿದ್ದೀನಿ. ಇವಳದ್ದು ಮರೆವು. ನಂದು ತಪ್ಪು."

ಗಡಿಯಾರಮ್ಮ ಟೀ ಲೋಟವನ್ನು ಮೇಜಿನ ಆಚೆಗೆ ಸರಿಸಿದಳು.

"ಕುಂಬಳಕಾಯಿ ಕಳ್ಳ ಅನ್ನೋಕೆ ಮೊದಲೇ ಇಬ್ರೂ ಹೆಗಲು ಮುಟ್ಕೊಂಡು ಬಂದ್ರಿ," ಎಂದಳು. ಸ್ವರದಲ್ಲಿ ಸಿಟ್ಟಿಗಿಂತ ಆಯಾಸವಿತ್ತು. "ಕಟ್ಟಳೆ ನಾನು ಮಾಡಿದ್ದಲ್ಲ. ಆದ್ರೆ ಇದನ್ನ ಹೊಟ್ಟೆಗೆ ಹಾಕಿಕೊಂಡ್ರೆ ಕಟ್ಟಳೆಗೆ ಅರ್ಥ ಇರಲ್ಲ. ಇವತ್ತಿಂದ ನೀವು ಒಳಗೆ ಬರೋ ಹಾಗಿಲ್ಲ ಅಣ್ಣಾ." ಅವನನ್ನು ಅವಳು ಅಣ್ಣಾ ಎಂದದ್ದು ಅದೇ ಮೊದಲು. "ಪರೀಕ್ಷೆ ಮತ್ತೆ ಒಂದರಿಂದ. ಎರಡನೇ ಕಣ್ಣು ನಂದು."

ಫೋನಿನಲ್ಲಿ ಅವಳು ಗಿರಾಕಿಯ ಬೈಗುಳ ತಿನ್ನುವಷ್ಟು ಹೊತ್ತು ಮಗಳು ಹೊರಗೆ ಕಾದಳು. ಮಧ್ಯಾಹ್ನ ಇಬ್ಬರೂ ಬಿಳಿ ಉಡುಪು ತೊಟ್ಟು ಒಳಗೆ ಹೋದರು. ಮಗಳು ಕೊಳವೆ ಬಿಚ್ಚಿದಳು, ತುದಿ ತೊಳೆದಳು, ಪಂಪಿನ ಬಾಯಿಗೆ ಸಿಕ್ಕಿಸಿ ತಿರುಪು ಬಿಗಿದಳು. ಗಡಿಯಾರಮ್ಮ ಬಗ್ಗಿ, ಯಂತ್ರದಿಂದ ಪಂಪಿನ ತನಕ ಕೊಳವೆಯುದ್ದಕ್ಕೂ ಬೆರಳಾಡಿಸಿ ನೋಡಿದಳು. ಎರಡು ಸಲ ನೋಡಿದಳು.

ಪರದೆಯ ಮೇಲೆ ಇನ್ನೂರ ಹನ್ನೆರಡು ಎಂದು ಬಂತು. ನಿನ್ನೆ ಚಕ್ರ ಬಿದ್ದು ಉಜ್ಜಿದಾಗ ಉದುರಿ ಮೂಲೆಮುಡುಕಿನಲ್ಲಿ ಕೂತ ಕಸ, ಈಗ ಬಿಚ್ಚಿ ಕಟ್ಟಿದ್ದರ ಕಸ. ಕೊಂಚ ಹೊತ್ತಿಗೆ ತೊಂಬತ್ತು. ಆಮೇಲೆ ನಲವತ್ತೊಂದು. ಒಂದು ಗಂಟೆಯ ಮೇಲೆ ಹದಿನೇಳಕ್ಕೆ ಬಂದು, ಅಲ್ಲೇ ಕೂತಿತು.

"ಐದಕ್ಕಿಳಿಯುತ್ತಾ?" ಎಂದಳು ಗಡಿಯಾರಮ್ಮ.

"ಗೊತ್ತಿಲ್ಲ."

"ನಿನ್ನ ಪಂಪಲ್ವೇನೇ!"

"ನಂದೇ. ಆದ್ರೆ ಇವತ್ತೇ ಮೊದಲ ದಿನ ನಾನು ಅದನ್ನ ನೋಡ್ತಿರೋದು."

ಗಡಿಯಾರಮ್ಮ ಹೋದಳು. ಮಗಳು ಪುಸ್ತಕದಲ್ಲಿ ಹೊಸ ಪುಟ ತೆರೆದು, ಒಂದನೆಯ ದಿನ, ಹದಿನೇಳು, ಎಂದು ಬರೆದಳು. ಕಾಲು ನೋಯುತ್ತಿದೆ ಎಂದು ಆಗ ಗೊತ್ತಾಯಿತು. ಬೆಳಿಗ್ಗೆಯಿಂದ ಅವಳು ಕೂತೇ ಇರಲಿಲ್ಲ.

ಗಾಜಿನ ಗೋಡೆಗೆ ಟಕಟಕ ಸದ್ದು. ಆಚೆ ಒರೆಸಣ್ಣ, ತನ್ನ ಕಪಾಟಿನ ಸಾಮಾನು ತುಂಬಿದ ಚೀಲ ಹಿಡಿದು ನಿಂತಿದ್ದ. ಮಾತು ಕೇಳಿಸುವಂತಿರಲಿಲ್ಲ. ಹುಬ್ಬೆತ್ತಿ, ಕೈ ತಿರುಗಿಸಿ ಕೇಳಿದ, ಎಷ್ಟು?

ಅವಳು ಕೈಗವಸಿನ ಹತ್ತೂ ಬೆರಳು ಬಿಡಿಸಿ ತೋರಿಸಿದಳು. ಅವನ ಮುಖ ಇಳಿಯುವ ಮೊದಲೇ ಕೈ ಮುಚ್ಚಿ, ಇನ್ನೂ ಏಳು ತೋರಿಸಿದಳು. ಅವನು ತನ್ನ ಬೆರಳಲ್ಲೇ ಕೂಡಿಸಿ ನೋಡಿದ. ಜಾಸ್ತಿಯಾಯಿತು ಎಂಬಂತೆ ತಲೆ ಕೊಡವಿದ. ಆಮೇಲೆ ಅಂಗೈ ಕೆಳಮುಖ ಮಾಡಿ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಮೆಲ್ಲಗೆ ಕೆಳಕ್ಕೆ ಕೆಳಕ್ಕೆ ಆಡಿಸಿದ. ಇಳಿಯುತ್ತೆ, ಕಾದು ನೋಡು.

ಹೋಗಲಿಲ್ಲ ಮಾತ್ರ. ಚೀಲವನ್ನು ಕಾಲ ಹತ್ತಿರ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಗಾಜು ತಟ್ಟಿ ಕೇಳಿದ, ಈಗೆಷ್ಟು? ಅವಳು ತಿರುಗಿ ಪರದೆ ನೋಡಿದಳು.